ನಾಲ್ಕು ಊರಿನ ದಾರ

ಶೈಲಾ ಹಲ್ಲುಜ್ಜುವ ಹಳೆಯ ಬ್ರಶ್ಶನ್ನು ಚಿಮಣಿ ಎಣ್ಣೆಯ ಬಟ್ಟಲಲ್ಲಿ ಅದ್ದಿದಳು. ಕಾರಿನ ಎಂಜಿನ್ ಮೇಲೆ ಒಂದು ಮೂಲೆಯಲ್ಲಿ ಇಟ್ಟು ಮೆಲ್ಲಗೆ ತಿಕ್ಕಿದಳು. ಕಪ್ಪು ಜಿಡ್ಡು ಮೊದಲು ಅಲುಗಲಿಲ್ಲ. ಆಮೇಲೆ ಬೆಲ್ಲದ ಪಾಕದ ಹಾಗೆ ಕರಗಿ ಕೆಳಗೆ ಜಾರಿತು. ಬನಿಯನ್ ಚಿಂದಿಯಿಂದ ಅದನ್ನು ಒರೆಸಿದಳು. ಮತ್ತೆ ಅದ್ದಿದಳು, ಮತ್ತೆ ತಿಕ್ಕಿದಳು.

ಪಕ್ಕದಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಅಜ್ಜ ಕೂತಿದ್ದ. ಅಂಗಳದಲ್ಲಿ ಬ್ರಶ್ಶಿನ ಸರಸರ ಬಿಟ್ಟರೆ ಬೇರೆ ಸದ್ದಿರಲಿಲ್ಲ.

ಎರಡು ವರ್ಷದ ಹಿಂದೆ ಅಜ್ಜನಿಗೆ ಲಕ್ವಾ ಹೊಡೆದಿತ್ತು. ಅವತ್ತಿನಿಂದ ಅವನ ಬಲಗೈ ಮಡಿಲಲ್ಲಿ ಮಲಗಿಯೇ ಇರುತ್ತಿತ್ತು. ಮಾತು ಗಂಟಲಲ್ಲೇ ಉಳಿದುಬಿಟ್ಟಿತ್ತು. ಎಡಗೈ ಮಾತ್ರ ಮೊದಲಿನಷ್ಟೇ ಚುರುಕು. ಹೌದು ಅನ್ನಬೇಕಾದರೆ ಅಜ್ಜ ಬೆರಳಿನ ಗೆಣ್ಣಿನಿಂದ ಒಂದು ಸಲ ಟಕ್ ಎಂದು ಬಡಿಯುತ್ತಿದ್ದ. ಅಲ್ಲ ಅನ್ನಬೇಕಾದರೆ ಟಕ್ ಟಕ್, ಎರಡು ಸಲ.

ಈ ಭಾಷೆ ಮನೆಯವರಿಗೆಲ್ಲ ಬರುತ್ತಿತ್ತು. ಆದರೆ ಅದರಲ್ಲಿ ತಾಸುಗಟ್ಟಲೆ ಹರಟುತ್ತಿದ್ದವಳು ಐದನೇ ಕ್ಲಾಸಿನ ಶೈಲಾ ಒಬ್ಬಳೇ.

ಕಾರು ಅಜ್ಜನದು. ಬಿಳಿ ಬಣ್ಣದ ಹಳೆಯ ಫಿಯೆಟ್. ಅಜ್ಜ ಈಶಪ್ಪ ಧಾರವಾಡದ ಕಡೆಯಿಂದ ದಾಂಡೇಲಿಗೆ ಬಂದು, ಪೇಪರ್ ಮಿಲ್ಲಿನ ಲಾರಿಗಳನ್ನು ಮೂವತ್ತು ವರ್ಷ ರಿಪೇರಿ ಮಾಡಿದವನು. ರಿಟೈರ್ ಆದಾಗ ಈ ಕಾರನ್ನು ತಂದಿದ್ದ. ಬೇರೆ ಯಾವ ಮೆಕ್ಯಾನಿಕ್ಕಿಗೂ ಅದನ್ನು ಮುಟ್ಟಲು ಬಿಟ್ಟವನಲ್ಲ. ಅವನ ಕೈ ಬಿದ್ದುಹೋದ ಮೇಲೆ ಕಾರು ಹಲಸಿನ ಮರದ ಕೆಳಗೆ ನಿಂತುಬಿಟ್ಟಿತು. ಅಪ್ಪ ವಾರಕ್ಕೊಮ್ಮೆ ಅದನ್ನು ಚಾಲೂ ಮಾಡಿ, ಹತ್ತು ನಿಮಿಷ ಬಿಟ್ಟು, ಬಂದ್ ಮಾಡುತ್ತಿದ್ದ. ಡ್ಯೂಟಿಗೆ ಹೋಗಿಬರಲು ಅವನಿಗೆ ಬೈಕೇ ಸಾಕಾಗಿತ್ತು.

ಇವತ್ತು ರವಿವಾರ. ಮಧ್ಯಾಹ್ನ ಮೂರಕ್ಕೆ ಜೋಯಿಡಾ ಕಡೆಯ ರಾಮನಗರದಿಂದ ಜ್ಯೋತಿಬಾ ಎಂಬವನು ಕಾರು ನೋಡಲು ಬರುವವನಿದ್ದ. ಹಳೆಯ ಕಾರುಗಳಿಗೆ ಹೂವು ಕಟ್ಟಿ ಮದುವೆ ಮೆರವಣಿಗೆಗೆ ಕಳಿಸುವುದು ಅವನ ಕಸುಬು. ಎಂಜಿನ್ ಚಲೋ ಇದ್ದರೆ ಇವತ್ತೇ ಒಯ್ಯುತ್ತೇನೆ ಎಂದು ಫೋನಿನಲ್ಲಿ ಹೇಳಿದ್ದನಂತೆ. ಬೆಳಿಗ್ಗೆ ಮಿಲ್ಲಿಗೆ ಹೊರಡುವಾಗ ಅಪ್ಪ ಇಷ್ಟನ್ನು ಹೇಳಿ, ಅಜ್ಜನ ಮುಖ ನೋಡದೆ ಬೈಕು ಹತ್ತಿದ್ದ.

ಕಾರು ಹೋಗುವುದು ಶೈಲಾಗೆ ಬೇಕಿರಲಿಲ್ಲ. ಶಾಲೆಯಿಂದ ಬಂದ ಮೇಲೆ ಅದರ ಹಿಂದಿನ ಸೀಟಿನಲ್ಲಿ ಕೂತೇ ಅವಳು ಹೋಮ್‌ವರ್ಕ್ ಮಾಡುತ್ತಿದ್ದಳು. ಮುಂದಿನ ಸೀಟಿನಲ್ಲಿ ಅಜ್ಜ ಸ್ಟೀರಿಂಗ್ ಮೇಲೆ ಎಡಗೈ ಇಟ್ಟು ಕೂರುತ್ತಿದ್ದ. ಗಾಜಿನ ಮೇಲೆ ಹಲಸಿನ ಎಲೆ ಒಂದೊಂದೇ ಬೀಳುತ್ತಿತ್ತು. ನೋಡುತ್ತ ನೋಡುತ್ತ, ಕಾರು ನಿಂತಲ್ಲೇ ಎಲ್ಲಿಗೋ ಹೊರಟಿದೆ ಅನ್ನಿಸುತ್ತಿತ್ತು.

ಎಂಜಿನ್ ಹೀಗೆ ಜಿಡ್ಡಾಗಿಯೇ ಇದ್ದರೆ ಜ್ಯೋತಿಬಾ ಮೂಗು ಮುರಿದು ಹೋಗಬಹುದು ಎಂದು ಅವಳು ಬೆಳಿಗ್ಗೆ ಅಂದುಕೊಂಡಿದ್ದಳು. ಆದರೆ ಉಪ್ಪಿಟ್ಟು ತಿಂದೊಡನೆ ಅಜ್ಜನೇ ಕೋಲೂರಿಕೊಂಡು ಬಂದು ಬಾನೆಟ್ ಮೇಲೆ ಟಕ್ ಎಂದು ಬಡಿದ. ಬ್ರಶ್ಶು ತಿಕ್ಕುವ ಹಾಗೆ ಎಡಗೈ ಆಡಿಸಿ ತೋರಿಸಿದ. ಅಜ್ಜ ಕರೆದ ಮೇಲೆ ಹೇಗೆ ಇಲ್ಲ ಅನ್ನುವುದು?

ಮೊದಲು ಬ್ಯಾಟರಿಯ ವೈರು ಬಿಚ್ಚಿಸಿದ. ನೀರು ತಾಗಬಾರದ ಜಾಗಗಳಿಗೆ ಪ್ಲಾಸ್ಟಿಕ್ ಚೀಲ ಕಟ್ಟಿಸಿದ. ಆಮೇಲೆ ಕುರ್ಚಿಯಲ್ಲಿ ಕೂತು, ಅವಳು ಒಂದು ಭಾಗ ಮುಗಿಸಿದಾಗಲೆಲ್ಲ ಒಂದೊಂದು ಟಕ್ ಕೊಟ್ಟ.

ಜಿಡ್ಡು ಹೋದ ಹಾಗೆ ಎಂಜಿನ್ ಮೆಲ್ಲಮೆಲ್ಲಗೆ ಕಣ್ಣು ಬಿಟ್ಟಿತು. ಕಪ್ಪಿನ ಅಡಿಯಿಂದ ಬೆಳ್ಳಿಯಂಥ ಲೋಹ ಬಂತು. ನಸುಕಿನಲ್ಲಿ ಕಾಡಿನ ಕತ್ತಲೆ ಹರಿದು ಒಂದೊಂದೇ ಮರ ಕಾಣುವ ಹಾಗೆ ನಟ್ಟುಗಳು, ನಳಿಕೆಗಳು ಕಾಣತೊಡಗಿದವು. ಶೈಲಾ ಬಗ್ಗಿ ನೋಡಿದಳು. ತಾನು ಇರುವೆಯಷ್ಟು ಚಿಕ್ಕವಳಾಗಿ ಒಳಗೆ ಇಳಿದಂತೆ ಅನ್ನಿಸಿತು.

ಅಲ್ಲಿನ ದಾರಿಗಳು ಅವಳಿಗೆ ಗೊತ್ತಿದ್ದವು. ಮಾತಿದ್ದ ಕಾಲದಲ್ಲಿ ಅಜ್ಜ ಅವಳನ್ನು ಸ್ಟೂಲಿನ ಮೇಲೆ ನಿಲ್ಲಿಸಿ, ಬಾನೆಟ್ ಎತ್ತಿ ಕತೆ ಹೇಳುತ್ತಿದ್ದ. ಆ ಕತೆಯಲ್ಲಿ ರೇಡಿಯೇಟರ್ ಅಂದರೆ ಸೂಪಾ ಡ್ಯಾಮು. ಅಲ್ಲಿಂದ ಹೊರಟ ರಬ್ಬರ್ ಪೈಪು ಕಾಳಿ ನದಿ. ಬ್ಯಾಟರಿ ಪವರ್ ಹೌಸು. ಎಂಜಿನ್ನಿನಲ್ಲಿ ಸಾಲಾಗಿ ಕೂತ ನಾಲ್ಕು ಪ್ಲಗ್ಗುಗಳು ನಾಲ್ಕು ಊರು. ರೇಡಿಯೇಟರಿನ ಕಡೆಯಿಂದ ಎಣಿಸಿದರೆ ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ. ಊರುಗಳಿಗೆ ಕರೆಂಟು ಹಂಚಲು ಪಕ್ಕದಲ್ಲಿ ದುಂಡನೆಯ ಕರಿ ಡಬ್ಬಿ. ಅದರಿಂದ ಒಂದೊಂದು ಊರಿಗೆ ಒಂದೊಂದು ವೈರು.

"ಕರಿ ಡಬ್ಬಿಯೊಳಗ ದೀಪ ಹಚ್ಚೋ ಮುದುಕ ಅದಾನ," ಎಂದು ಅಜ್ಜ ದನಿ ತಗ್ಗಿಸುತ್ತಿದ್ದ. "ಅಂವ ಗರಗರ ತಿರಗತಾನ. ಮೊದಲ ದಾಂಡೇಲ್ಯಾಗ ದೀಪ ಹಚ್ಚತಾನ. ಆಮ್ಯಾಲೆ ಜೋಯಿಡಾದಾಗ. ಆಮ್ಯಾಲೆ ಮುಂಡಗೋಡದಾಗ. ಕಡೀಕ ಹಳಿಯಾಳದಾಗ. ಮತ್ತ ದಾಂಡೇಲಿ."

ಹಳಿಯಾಳ ಪಕ್ಕದಲ್ಲೇ ಇದೆಯಲ್ಲ, ಅದನ್ನು ಬಿಟ್ಟು ಯಾಕೆ ಹಾರಿ ಹೋಗುತ್ತಾನೆ ಎಂದು ಶೈಲಾ ಪ್ರತಿ ಸಲವೂ ಕೇಳುತ್ತಿದ್ದಳು.

"ಸಾಲಾಗಿ ಹಚ್ಚಿದ್ರ ಒಂದ ಕಡೆ ಭಾರ ಬಿದ್ದು ಗಾಡಿ ಕುಂಟತೈತಿ. ಹಾರಿ ಹಾರಿ ಹಚ್ಚಿದ್ರ ನಾಲ್ಕೂ ಊರು ಕೂಡಿ ಎಳಿತಾವು," ಅನ್ನುತ್ತಿದ್ದ ಅಜ್ಜ.

ರಾತ್ರಿ ಮಲಗುವಾಗಲೂ ಅದೇ ಕತೆ. ಮುದುಕ ಎರಡನೇ ಸುತ್ತು ಮುಗಿಸುವಷ್ಟರಲ್ಲಿ ಶೈಲಾಗೆ ನಿದ್ದೆ ಬಂದಿರುತ್ತಿತ್ತು.

ಅದನ್ನೆಲ್ಲ ನೆನೆಯುತ್ತ ಅವಳು ತಲೆಯೆತ್ತಿದಳು. ಅಜ್ಜನ ಗದ್ದ ಎದೆಗೆ ತಾಗಿತ್ತು. ಬಿಸಿಲು ಹಲಸಿನ ಎಲೆಗಳ ಸಂದಿಯಿಂದ ಅವನ ಬೋಳು ತಲೆಯ ಮೇಲೆ ಚುಕ್ಕೆ ಚುಕ್ಕೆಯಾಗಿ ಆಡುತ್ತಿತ್ತು. ಅಜ್ಜನಿಗೆ ಜೊಂಪು ಹತ್ತಿತ್ತು.

ಏಳುವಷ್ಟರಲ್ಲಿ ಎಲ್ಲವನ್ನೂ ಫಳಫಳ ಮಾಡಿ ತೋರಿಸಬೇಕು ಎಂದು ಶೈಲಾಗೆ ಹುಮ್ಮಸ್ಸು ಬಂತು. ಆ ನಾಲ್ಕು ವೈರುಗಳೇ ಎಲ್ಲಕ್ಕಿಂತ ಹೆಚ್ಚು ಹೊಲಸಾಗಿದ್ದವು. ಪ್ಲಗ್ಗಿನ ಮೇಲಿನ ರಬ್ಬರ್ ಟೊಪ್ಪಿಗೆ ಹಿಡಿದು ನಾಲ್ಕನ್ನೂ ಕಿತ್ತಳು. ಪ್ರತಿ ವೈರಿನ ತುದಿಗೂ ಏನೋ ಸುತ್ತಿಕೊಂಡಿತ್ತು. ದಾರದ ಚೂರು. ಎಣ್ಣೆ, ಧೂಳು ಕುಡಿದು ಕಪ್ಪಾಗಿ, ಕಂಬಳಿಹುಳದ ಹಾಗೆ ಅಂಟಿ ಕೂತಿತ್ತು.

ಅವಳು ಉಗುರಿನಿಂದ ಕೆದಕಿ ನಾಲ್ಕನ್ನೂ ಬಿಚ್ಚಿದಳು. ಅಂಗಳದಲ್ಲಿ ಎಸೆಯಲಿಲ್ಲ. ಎಸೆದ ದಾರ ನೆರೆಮನೆಯ ಕೋಳಿಮರಿಗಳ ಕಾಲಿಗೆ ಸುತ್ತಿಕೊಳ್ಳುತ್ತದೆ ಎಂದು ಆಯಿ ದಿನಾ ಬೈಯುತ್ತಿದ್ದಳು. ಆಯಿ ಅಂದರೆ ಅಜ್ಜನ ಹೆಂಡತಿ ಕಾಶೆವ್ವ. ಪಡಸಾಲೆಯಲ್ಲಿ ಕೂತು ಊರವರಿಗೆಲ್ಲ ಹಳೆಬಟ್ಟೆಯ ಕೌದಿ ಹೊಲಿದುಕೊಡುವವಳು. ದಾರದ ವಿಷಯದಲ್ಲಿ ಅವಳ ಮಾತು ಮೀರುವಂತಿರಲಿಲ್ಲ. ಶೈಲಾ ಚೂರುಗಳನ್ನು ಫ್ರಾಕಿನ ಜೇಬಿಗೆ ಹಾಕಿಕೊಂಡಳು.

ಚಿಂದಿಯಿಂದ ಒರೆಸಿದ ಮೇಲೆ ವೈರುಗಳು ಹೊಸದರಂತಾದವು. ಯಾವುದು ಯಾವ ಪ್ಲಗ್ಗಿಗೆ ಸಲೀಸಾಗಿ ಮುಟ್ಟಿತೋ ಅಲ್ಲಿಗೆ ಒತ್ತಿದಳು. ಸೋಪಿನ ಪುಡಿಯ ನೀರಿನಿಂದ ಉಳಿದ ಭಾಗ ತಿಕ್ಕಿ, ಚೊಂಬಿನಿಂದ ಜೋಪಾನವಾಗಿ ನೀರು ಬಿಟ್ಟು, ಒಣಬಟ್ಟೆಯಿಂದ ಒರೆಸಿದಳು. ಅಜ್ಜ ಎಚ್ಚರಾದಾಗ ಎಂಜಿನ್ ಬಿಸಿಲಿನಲ್ಲಿ ಮಿಂಚುತ್ತಿತ್ತು. ಅವನು ಬಹಳ ಹೊತ್ತು ನೋಡಿದ. ಕುರ್ಚಿಯ ಕೈ ಮೇಲೆ ಟಕ್ ಎಂದ.

ಮೂರು ಗಂಟೆಗೆ ಸರಿಯಾಗಿ ಜ್ಯೋತಿಬಾ ಬಂದ. ದಪ್ಪ ಮನುಷ್ಯ, ಹಣೆಗೆ ಕುಂಕುಮ, ಅಂಗಿಯ ಜೇಬಿನಲ್ಲಿ ಒಂದು ಲಿಂಬೆಹಣ್ಣು. ಡ್ಯೂಟಿ ಮುಗಿಸಿ ಬಂದಿದ್ದ ಅಪ್ಪ ಅವನಿಗೆ ಚಹಾ ಕೊಡಿಸಿ, ಬ್ಯಾಟರಿಯ ವೈರು ಜೋಡಿಸಿ ಬಿಗಿದ. ಜ್ಯೋತಿಬಾ ಒಳಗೆ ಬಗ್ಗಿ ನೋಡಿ ಸಿಳ್ಳೆ ಹಾಕಿದ.

"ಅರೇ ವಾ, ಇದರಾಗ ಮುಖಾ ನೋಡಿ ಕ್ರಾಪ್ ತೆಗೀಬೋದು. ಯಾರ ತೊಳದಾರ್ರಿ?"

ಅಪ್ಪ ಶೈಲಾಳ ಕಡೆ ತೋರಿಸಿದ. ಅವಳು ಪಡಸಾಲೆಯ ಕಂಬದ ಹಿಂದೆ ಸರಿದಳು.

ಅಪ್ಪ ಸೀಟಿನಲ್ಲಿ ಕೂತು ಚಾವಿ ತಿರುಗಿಸಿದ. ಎಂಜಿನ್ ಕಿರ್ರ್ ಕಿರ್ರ್ ಎಂದು ನರಳಿತು. ಹತ್ತಲಿಲ್ಲ. ಇನ್ನೊಮ್ಮೆ ತಿರುಗಿಸಿದ. ಢಬ್ ಎಂದು ಹಿಂದಿನ ಕೊಳವೆಯಿಂದ ಹೊಗೆ ಹಾರಿತು. ಹಲಸಿನ ಮರದ ಕಾಗೆಗಳೆಲ್ಲ ಎದ್ದವು. ಮೂರನೆಯ ಸಲ ಕಾರು ಒಮ್ಮೆ ಮೈ ಕುಲುಕಿ ಸುಮ್ಮನಾಯಿತು.

ಹೋದ ವಾರ ಚಾವಿ ಒಮ್ಮೆ ತಿರುಗಿಸಿದೊಡನೆ ಚಾಲೂ ಆಗಿತ್ತು ಎಂದು ಅಪ್ಪ ಹೇಳಿದ. ಅವನ ಕಿವಿ ಕೆಂಪಾಗಿದ್ದವು.

ಜ್ಯೋತಿಬಾ ತಲೆಯಾಡಿಸಿದ. "ನನಗ ಓಡೋ ಗಾಡಿ ಬೇಕ ನೋಡ್ರಿ ಸಾಹೇಬ್ರ. ಮದುಮಗಳನ್ನ ಕೂಡಿಸಿಕೊಂಡು ನಡು ಹಾದ್ಯಾಗ ನಿಂತ್ರ, ಮೆರವಣಿಗಿ ಮಂದಿ ಕೈಲೆ ದೂಕಸಬೇಕಾಕ್ಕೈತಿ. ನನ್ನ ಮಾನ ಎಲ್ಲಿ ಉಳಿತು?"

ಅಪ್ಪ ಬಾಗಿಲು ಹಾಕಿ ಇಳಿದ. ಹಾಗಾದರೆ ಕಾರು ಇಲ್ಲೇ ಇರಲಿ ಎಂದ. ಮುಂದಿನ ಬಸ್ಸು ಎಷ್ಟಕ್ಕೆ ಎಂದು ಜ್ಯೋತಿಬಾ ಕೇಳಿದ.

ಕಾರು ಇಲ್ಲೇ ಇರುತ್ತದೆ. ಕಂಬದ ಹಿಂದೆ ಶೈಲಾಳ ಎದೆ ಹಗುರಾಯಿತು. ಕೈ ಸುಮ್ಮನೆ ಫ್ರಾಕಿನ ಜೇಬಿಗೆ ಹೋಯಿತು. ಬೆರಳಿಗೆ ಜಿಡ್ಡು ದಾರ ತಾಗಿತು. ನಾಲ್ಕು ಚೂರು. ನಾಲ್ಕು ವೈರಿಗೆ ನಾಲ್ಕು. ಅವಳ ಬೆರಳು ಅಲ್ಲೇ ನಿಂತಿತು.

ಯಾವ ವೈರು ಯಾವ ಊರಿನದು ಎಂಬುದಕ್ಕೆ ಗುರುತೇ ಆ ದಾರ, ಈಗ ವೈರುಗಳು ಊರು ತಪ್ಪಿ ಕೂತಿದ್ದವು. ಕಾರು ಯಾಕೆ ಹತ್ತಲಿಲ್ಲ ಎಂದು ಅವಳಿಗೆ ಗೊತ್ತಾಯಿತು. ಅದು ಅವಳೊಬ್ಬಳಿಗೇ ಗೊತ್ತಿತ್ತು. ಸುಮ್ಮನಿದ್ದರೆ ಸಾಕು. ನಾಳೆಯೂ ಹಿಂದಿನ ಸೀಟು, ಹೋಮ್‌ವರ್ಕು, ಗಾಜಿನ ಮೇಲೆ ಬೀಳುವ ಎಲೆ.

ಅಷ್ಟರಲ್ಲಿ ಅಜ್ಜ ಎದ್ದ. ಕೋಲೂರಿ ಎಂಜಿನ್ ಹತ್ತಿರ ಹೋಗಿ, ಕೋಲನ್ನು ಕಾರಿಗೆ ಒರಗಿಸಿ, ಎಡಗೈಯನ್ನು ವೈರುಗಳ ಮೇಲೆ ಆಡಿಸಿದ. ತುದಿಗಳನ್ನು ಮುಟ್ಟಿ ಮುಟ್ಟಿ ಏನನ್ನೋ ಹುಡುಕಿದ. ಸಿಗಲಿಲ್ಲ. ಮತ್ತೆ ಮೊದಲಿನಿಂದ ಮುಟ್ಟಿದ. ಅವನ ಹಣೆಯಲ್ಲಿ ಬೆವರು ಮೂಡಿತು. ಆಮೇಲೆ ತನ್ನ ಬಲಗೈಯನ್ನು ನೋಡಿಕೊಂಡ. ತಪ್ಪೆಲ್ಲ ಆ ಕೈಯದೇ ಎಂಬ ಹಾಗೆ, ದಾರ ಕಟ್ಟಿದ್ದೋ ಇಲ್ಲವೋ ತನಗೇ ಮರೆತುಹೋಯಿತೇ ಎಂಬ ಹಾಗೆ ನೋಡಿದ. ಹೊರಗಿನವನ ಎದುರು ತಲೆ ಬಗ್ಗಿಸಿ ಬಂದು ಕುರ್ಚಿಯಲ್ಲಿ ಕೂತ. ಟಕ್ ಟಕ್ ಎಂದು ಮೆಲ್ಲಗೆ ಬಡಿದ. ಯಾರೂ ಏನನ್ನೂ ಕೇಳಿರಲಿಲ್ಲ.

ಶೈಲಾ ಕಂಬ ಬಿಟ್ಟು ಬಂದಳು. ಕಾರಿನ ತನಕದ ಹತ್ತು ಹೆಜ್ಜೆ ಬಹಳ ಉದ್ದ ಇದ್ದವು. ಜೇಬಿನಿಂದ ದಾರ ತೆಗೆದು ಅಜ್ಜನ ಎಡಗೈಯಲ್ಲಿ ಇಟ್ಟಳು.

"ನೀ ಮರತಿಲ್ಲಜ್ಜಾ. ಇವು ವೈರಿಗೇ ಇದ್ದವು. ಹೊಲಸ ಅಂತ ನಾನ ಬಿಚ್ಚೇನಿ."

ಅಪ್ಪ ಹುಬ್ಬು ಗಂಟಿಕ್ಕಿ ಬಾಯಿ ತೆರೆದ. ಅಜ್ಜನ ಕುರ್ಚಿಯಿಂದ ಎರಡು ಟಕ್ ಜೋರಾಗಿ ಬಂದವು. ಅಪ್ಪ ಬಾಯಿ ಮುಚ್ಚಿದ.

ಅಜ್ಜ ಒಂದು ಚೂರನ್ನು ಚಿಮಣಿ ಎಣ್ಣೆಯ ಚಿಂದಿಯಲ್ಲಿ ಹಿಡಿದು ಹೊಸಕಿದ. ಕಪ್ಪಿನೊಳಗಿಂದ ಕೆಂಪು ಬಂತು. ಪಡಸಾಲೆಯಿಂದ ಸೂಜಿ ಹಿಡಿದೇ ಎದ್ದುಬಂದ ಆಯಿ ಅದನ್ನು ಕಣ್ಣಿನ ಹತ್ತಿರ ತಂದು ನೋಡಿದಳು.

"ನನ್ನ ಕೌದಿ ದಾರ," ಎಂದಳು. "ಅವತ್ತ ಇಲಿ ಒಯ್ದಾವು ಅಂತ ಸುಳ್ಳ ಹೇಳಿದ್ದ ಈ ಮುದುಕ."

ಜ್ಯೋತಿಬಾ ಹೊಟ್ಟೆ ಕುಲುಕಿಸಿ ನಕ್ಕ. ಅಜ್ಜನ ಮುಖದ ಅರ್ಧಭಾಗವೂ ನಕ್ಕಿತು. ಆಯಿ ಗೊಣಗುತ್ತಲೇ ಒಳಗೆ ಹೋಗಿ ಕೆಂಪು, ಹಳದಿ, ಹಸಿರು, ನೀಲಿ ಉಂಡೆಗಳಿಂದ ಹೊಸ ದಾರ ಕಡಿದು ತಂದಳು.

ಅಜ್ಜ ಮತ್ತೆ ಎದ್ದ. ಶೈಲಾ ಪ್ಲಗ್ಗಿನ ಮೇಲಿನ ವೈರುಗಳನ್ನು ಕಿತ್ತು ಹಿಡಿದಳು. ಕರಿ ಡಬ್ಬಿಯ ಮೇಲೆ ಅಜ್ಜ ಬೆರಳಿಟ್ಟು ಒಂದು ವೈರನ್ನು ತೋರಿಸಿದ, ಆಮೇಲೆ ಮೊದಲ ಪ್ಲಗ್ಗು ತೋರಿಸಿದ. ಅವಳು ಅದನ್ನು ಒತ್ತಿದಳು. ಟಕ್. ಅಜ್ಜನ ಬೆರಳು ಡಬ್ಬಿಯ ಸುತ್ತ ಸರಿದು ಮುಂದಿನ ವೈರಿಗೆ ಬಂತು. ಅವಳು ಅದನ್ನು ಎರಡನೇ ಪ್ಲಗ್ಗಿನ ಹತ್ತಿರ ಒಯ್ದಳು.

ಟಕ್ ಟಕ್.

ಶೈಲಾ ನಿಂತಳು. ಅಜ್ಜನ ಬೆರಳು ಡಬ್ಬಿಯ ಮೇಲೆ ಮೆಲ್ಲಗೆ ಸುತ್ತುತ್ತಿತ್ತು, ಇನ್ನೊಂದು ಸುತ್ತು, ಮತ್ತೊಂದು ಸುತ್ತು. ಅವನ ತುಟಿ ಅಲುಗುತ್ತಿತ್ತು, ದನಿ ಇರಲಿಲ್ಲ. ಚಿಮಣಿ ಎಣ್ಣೆಯ ವಾಸನೆ. ಎಲೆಗಳ ಸಂದಿಯ ಬಿಸಿಲು. ಅವಳ ಕಣ್ಣು ಅರೆ ಮುಚ್ಚಿದವು. ಎಷ್ಟೋ ದೂರದ ಹಾಸಿಗೆಯಿಂದ ಎಂಬಂತೆ ಒಂದು ದನಿ ಬಂತು. ಅಂವ ಗರಗರ ತಿರಗತಾನ.

"ದಾಂಡೇಲಿ ಆತು," ಎಂದಳು ಶೈಲಾ ತನ್ನಷ್ಟಕ್ಕೆ. ಕೈಯಲ್ಲಿದ್ದ ವೈರನ್ನು ಮೂರನೇ ಪ್ಲಗ್ಗಿಗೆ ಒತ್ತಿದಳು. "ಜೋಯಿಡಾ."

ಟಕ್.

"ಏನ ಅನ್ನಾಕತ್ತೀಯವ್ವಾ?" ಎಂದ ಅಪ್ಪ. ಅವಳಿಗೆ ಕೇಳಿಸಲಿಲ್ಲ.

"ಮುಂಡಗೋಡ." ಟಕ್. "ಹಳಿಯಾಳ."

ಕೊನೆಯ ಟಕ್ ಬರಲು ಸ್ವಲ್ಪ ಹೊತ್ತು ಹಿಡಿಯಿತು. ಅಜ್ಜ ಕಣ್ಣು ಒರೆಸಿಕೊಳ್ಳುತ್ತಿದ್ದ.

ಅವನು ಒಂದೊಂದೇ ಬಣ್ಣ ಆರಿಸಿ ಕೊಟ್ಟ, ಶೈಲಾ ಒಂದೊಂದೇ ಊರಿಗೆ ಕಟ್ಟಿದಳು. ಅಪ್ಪ ಚಾವಿ ತಿರುಗಿಸಿದ. ಎಂಜಿನ್ ಒಮ್ಮೆ ಗಂಟಲು ಸರಿಮಾಡಿಕೊಂಡು ಹತ್ತಿತು. ಆಮೇಲೆ ನಾಲ್ಕೂ ಊರು ಕೂಡಿ ಗುಂಯ್ ಎಂದು ಹಾಡತೊಡಗಿದವು.

ಅಜ್ಜ ಕಾರಿನ ಮಡ್‌ಗಾರ್ಡಿನ ಮೇಲೆ ಎಡಗೈ ಊರಿ ನಿಂತ. ಸ್ವಲ್ಪ ಹೊತ್ತಿನ ಮೇಲೆ ಆ ಕೈಯಿಂದ ತನ್ನ ಬಲಗೈಯನ್ನು ಎತ್ತಿ ಅದನ್ನೂ ಅಲ್ಲೇ ಇಟ್ಟ. ಎರಡು ವರ್ಷದಿಂದ ಮಲಗಿದ್ದ ಬೆರಳುಗಳು ಎಂಜಿನ್ನಿನ ಜೊತೆ ಸಣ್ಣಗೆ ನಡುಗಿದವು. ಅಜ್ಜ ಅದನ್ನೇ ನೋಡುತ್ತ ನಿಂತ. ಆ ಮುಖವನ್ನು ಶೈಲಾ ಎರಡು ವರ್ಷದಿಂದ ನೋಡಿರಲಿಲ್ಲ. ಹಲಸಿನ ಮರದ ಕೆಳಗೆ ಸುಮ್ಮನೆ ಕೂರುವಾಗ ಅಜ್ಜನ ಮುಖ ಬೇರೆಯೇ ಇರುತ್ತಿತ್ತು.

ಜ್ಯೋತಿಬಾ ಮುಂದಿನ ಗಾಲಿಯ ಕೆಳಗೆ ಲಿಂಬೆಹಣ್ಣು ಇಟ್ಟ. ಅಜ್ಜನ ಕಾಲು ಮುಟ್ಟಿ ನಮಸ್ಕಾರ ಮಾಡಿದ. ಮನೀ ಮಂದಿ ಹಂಗ ನೋಡ್ಕೋತೇನಿ ಎಂದು ಮಾತು ಕೊಟ್ಟ. ಅಜ್ಜ ಬಾನೆಟ್ ಮೇಲೆ ಒಂದೇ ಒಂದು ಸಲ ಬಡಿದ. ಲಿಂಬೆಹಣ್ಣು ಅಪ್ಪಚ್ಚಿಯಾಯಿತು. ಬಿಳಿಯ ಕಾರು ಅಂಗಳ ದಾಟಿ ರಸ್ತೆಗೆ ಇಳಿಯಿತು.

ಹಲಸಿನ ಮರದ ಕೆಳಗೆ ಕಾರಿನ ಅಳತೆಯ ಒಣನೆಲ ಉಳಿದಿತ್ತು. ಸುತ್ತಲೂ ಎಲೆ, ಅಲ್ಲಿ ಮಾತ್ರ ಒಂದೂ ಎಲೆ ಇರಲಿಲ್ಲ. ಶೈಲಾ ಅದರ ನಡುವೆ ನಿಂತು ಎಂಜಿನ್ನಿನ ಸದ್ದು ಕೇಳಿದಳು. ದಾಂಡೇಲಿ, ಜೋಯಿಡಾ, ಮುಂಡಗೋಡ, ಹಳಿಯಾಳ. ಸದ್ದು ಸಣ್ಣದಾಗುತ್ತ ಹೋದರೂ ಯಾವ ಊರೂ ತಪ್ಪಲಿಲ್ಲ. ಕತೆ ಕೇಳಿದ ಆ ರಾತ್ರಿಗಳಲ್ಲಿ ತಾನು ಪೂರ್ತಿ ನಿದ್ದೆ ಹೋಗಿರಲಿಲ್ಲ ಅನ್ನಿಸಿತು ಅವಳಿಗೆ.

ಹಿಂದಿನಿಂದ ಕುರ್ಚಿಯ ಕೈ ಮೇಲೆ ಟಕ್ ಎಂದು ಕೇಳಿಸಿತು.

ಆಗ ಅವಳಿಗೆ ಜ್ಯೋತಿಬಾಗೆ ಹೇಳದೆ ಉಳಿದ ಒಂದು ಮಾತು ನೆನಪಾಯಿತು. ಮದುವೆಯ ಧೂಳು ಹತ್ತುತ್ತದೆ, ಎಣ್ಣೆ ಸೋರುತ್ತದೆ. ಹೊಸ ದಾರವೂ ಕಪ್ಪಾಗುತ್ತದೆ. ಒಂದು ದಿನ ರಾಮನಗರದಲ್ಲಿ ಯಾರೋ ಬ್ರಶ್ಶು ಹಿಡಿದು ಬಾನೆಟ್ ತೆರೆಯುತ್ತಾರೆ. ಶೈಲಾ ಚಪ್ಪಲಿಯಿಲ್ಲದೆ ಓಡಿದಳು. ರಸ್ತೆಯ ತಿರುವಿಗೆ ಬಂದು ನಿಂತಾಗ ಅಲ್ಲಿ ಧೂಳು ಕೂಡ ಇಳಿದಾಗಿತ್ತು. ಎರಡೂ ಕಡೆ ಸಾಗವಾನಿ ಮರಗಳು, ನಡುವೆ ಖಾಲಿ ರಸ್ತೆ.

"ಕಾಕಾ," ಎಂದಳು ಅವಳು, ಎದುರಿಗೆ ನಿಂತವರಿಗೆ ಹೇಳುವಷ್ಟು ಮೆಲ್ಲಗೆ. "ತೊಳಿವಾಗ ಆ ದಾರ ಬಿಚ್ಚಬ್ಯಾಡ್ರಿ."